ಬದುಕಿದ್ದವಳಿಗೆ ಇಟ್ಟ ಎಡೆ

ಪೂರಿಗಾಲಿಯ ದೊಡ್ಡತಾಯಮ್ಮ ಸತ್ತು ಮೂವತ್ತಾರು ವರ್ಷವಾಗಿತ್ತು. ಅವಳ ತವರೂರಾದ ದುದ್ದದಲ್ಲಿ ಹಾಗೆಂದು ತೀರ್ಮಾನವಾಗಿತ್ತು. ಅವಳಿಗೆ ಮಾತ್ರ ಸಾಯಲು ಪುರುಸೊತ್ತು ಸಿಕ್ಕಿರಲಿಲ್ಲ. ವರ್ಷಕ್ಕೆ ಐದಾರು ಬೆಳೆ ರೇಷ್ಮೆಹುಳ ಸಾಕುವ ಹೆಂಗಸು ಅವಳು. ಹುಳ ಪೊರೆ ಕಳಚಲು ಜ್ವರಕ್ಕೆ ಕೂತರೆ ಒಂದು ದಿನ ಬಿಡುವು, ಎದ್ದವೆಂದರೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಕಸ ತೆಗೆಯಬೇಕು, ಹಣ್ಣಾದ ಹುಳ ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಇಷ್ಟರ ನಡುವೆ ಸಾಯುವುದೆಲ್ಲಿ ಬಂತು.

ಆ ಸಾವಿನ ಕತೆ ಚಿಕ್ಕದು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವಳು ದುದ್ದಕ್ಕೆ ಲೈನ್‌ಮನ್ ಆಗಿ ಬಂದಿದ್ದ ಪುಟ್ಟಮಾದಯ್ಯನನ್ನು ಮೆಚ್ಚಿ ಅವನ ಜೊತೆ ಹೊರಟುಹೋದಳು. ಪುಟ್ಟಮಾದಯ್ಯನ ಜಾತಿ ಬೇರೆ. ಅವನು ಕಂಬ ಹತ್ತಿ ಕೊಟ್ಟ ಕರೆಂಟು ಊರಿನ ಎಲ್ಲರ ಮನೆಗೂ ಬೇಕಿತ್ತು, ಅವನು ಮಾತ್ರ ಯಾರ ಮನೆಯ ಹೊಸ್ತಿಲಿಗೂ ಬೇಕಿರಲಿಲ್ಲ. ಅಪ್ಪ ಚಿಕ್ಕಣ್ಣ ಮಗಳನ್ನು ಹುಡುಕಲಿಲ್ಲ, ಪೊಲೀಸಿಗೆ ಹೋಗಲಿಲ್ಲ. ಹನ್ನೊಂದನೇ ದಿನಕ್ಕೆ ಸರಿಯಾಗಿ ಅವಳ ತಿಥಿ ಮಾಡಿಬಿಟ್ಟ. ತಲೆ ಬೋಳಿಸಿಕೊಂಡು, ಎಳ್ಳುನೀರು ಬಿಟ್ಟು, ಕಾರ್ಡು ಅಚ್ಚು ಹಾಕಿಸಿ ಊರಿಗೆಲ್ಲ ಊಟ ಹಾಕಿಸಿದ. ಪುಟ್ಟಮಾದಯ್ಯನ ಗೆಳೆಯನೊಬ್ಬ ಆ ಊಟ ಉಂಡು ಬಂದು, ಕಾರ್ಡನ್ನು ಅವಳ ಕೈಗೇ ಕೊಟ್ಟು, "ಪಾಯ್ಸ ಚೆಂದಾಗಿತ್ತು ಕಣಮ್ಮ" ಅಂದ. ದೊಡ್ಡತಾಯಮ್ಮ 'ದೈವಾಧೀನಳಾದ ನಮ್ಮ ಮಗಳು' ಎಂಬಲ್ಲಿಯವರೆಗೆ ಓದಿ ಕಾರ್ಡನ್ನು ಬಚ್ಚಲ ಒಲೆಗೆ ತುರುಕಿ, ಕಾದ ನೀರಿನಲ್ಲಿ ತಲೆಗೆ ಸ್ನಾನ ಮಾಡಿದಳು.

ಆದರೆ ತಿಥಿ ಮಾಡಿದವರು ಅಷ್ಟಕ್ಕೇ ಕೈ ಬಿಡುವಂತಿಲ್ಲವಲ್ಲ. ನಮ್ಮ ಕಡೆ ಪಿತೃಪಕ್ಷವೆಂದರೆ ಸತ್ತವರನ್ನು ಊಟಕ್ಕೆ ಕರೆಯುವ ಹಬ್ಬ. ಒಬ್ಬೊಬ್ಬ ಹಿರಿಯರಿಗೆ ಒಂದೊಂದು ಎಲೆ ಹಾಕಿ ಎಡೆ ಇಡಬೇಕು. ಮುದ್ದೆ, ಕೋಳಿಸಾರು, ಒಬ್ಬಟ್ಟು, ಸೇದುತ್ತಿದ್ದವನಿಗೆ ಬೀಡಿ ಕಟ್ಟು, ಕುಡಿಯುತ್ತಿದ್ದವನಿಗೆ ಒಂದು ಕ್ವಾರ್ಟರು, ಪಕ್ಕದಲ್ಲಿ ಹೊಸ ಬಟ್ಟೆ. ಯಾರದಾದರೂ ಎಲೆ ತಪ್ಪಿತೋ, ಎಡೆ ನೋಡಲು ಬಂದ ನೆಂಟರು ಬಾಯಿ ಬಿಡುತ್ತಾರೆ. ದೊಡ್ಡತಾಯಮ್ಮನ ಎಲೆ ಇಡದೆ ಹೋದರೆ ಅವಳು ಸತ್ತಿಲ್ಲ ಎಂದು ಚಿಕ್ಕಣ್ಣನೇ ಒಪ್ಪಿಕೊಂಡಂತೆ. ಹಟಮಾರಿ ತನ್ನ ಹಟಕ್ಕೆ ತಾನೇ ಸಿಕ್ಕಿಕೊಂಡ. ವರ್ಷಾವರ್ಷ ಅವಳಿಗೂ ಒಂದು ಎಲೆ, ಒಂದು ಸೀರೆ. ದುದ್ದದಿಂದ ಪೂರಿಗಾಲಿಗೆ ಸೊಸೆಯಾಗಿ ಬಂದಿದ್ದ ಮಂಗಳಮ್ಮ ಪ್ರತಿ ಪಕ್ಷ ಮುಗಿದ ಮೇಲೆ ಬಂದು, "ಈ ಸತಿ ನಿಂಗೆ ಅಸ್ರು ಬಣ್ಣದ ಸೀರೆ ಮಡಗಿದ್ರು ಕಣಕ್ಕ" ಎಂದು ವರದಿ ಒಪ್ಪಿಸುತ್ತಿದ್ದಳು. ಬದುಕಿದ್ದಾಗ ಎರಡು ವರ್ಷಕ್ಕೊಂದು ಸೀರೆ ತರದ ಅಪ್ಪ, ಅವಳು ಸತ್ತ ಮೇಲೆ ತಪ್ಪದೆ ತಂದ. ಹೆಣ್ಣುಮಕ್ಕಳು ಆ ಮನೆಯಲ್ಲಿ ಮರ್ಯಾದೆ ಪಡೆಯಬೇಕಾದರೆ ಸಾಯಬೇಕಿತ್ತು.

ದೊಡ್ಡತಾಯಮ್ಮ ಇದನ್ನೆಲ್ಲ ಕೇಳಿ ನಗುತ್ತಿದ್ದಳು. ಅವಳ ನಗುವಿನಲ್ಲಿ ವಿಷವಿತ್ತು, ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ. ಅಪ್ಪನನ್ನು ಬೈದಳು, ಅಣ್ಣ ರಾಮಲಿಂಗಯ್ಯನನ್ನು ಬೈದಳು, ತಿಥಿ ಊಟ ಉಂಡ ಊರನ್ನು ಇಡಿಯಾಗಿ ಬೈದಳು. ಒಬ್ಬರನ್ನು ಮಾತ್ರ ಬಿಟ್ಟಿದ್ದಳು. ಅವ್ವ ಚಿಕ್ಕಬೋರಮ್ಮನ ಬಗ್ಗೆ ಒಂದು ಕೆಟ್ಟ ಮಾತು ಅವಳ ಬಾಯಲ್ಲಿ ಬಂದದ್ದಿಲ್ಲ. ಪಾಪದ ಹೆಂಗಸು, ಗಂಡನಿಗೂ ಮಗನಿಗೂ ಹೆದರಿ ಬಾಯಿ ಮುಚ್ಚಿಕೊಂಡಿದ್ದಾಳೆ ಎಂದೇ ಅವಳ ನಂಬಿಕೆ. ಹದಿನೈದು ವರ್ಷದ ಹಿಂದೆ ಚಿಕ್ಕಣ್ಣ ನಿಜವಾಗಿ ಸತ್ತಾಗ ಅವಳು ಮುಖ ನೋಡಲು ಹೋಗಿದ್ದಳು. ಬೀದಿ ತಿರುವಿನಲ್ಲೇ ರಾಮಲಿಂಗಯ್ಯ ಅಡ್ಡ ನಿಂತು, ಅವಳತ್ತ ನೋಡದೆ, ಪಕ್ಕದವನಿಗೆ, "ಸತ್ತೋರು ಸತ್ತೋರ ನೋಡಾಕೆ ಬರಂಗಿಲ್ಲ ಅಂತ ಏಳ್ಲಾ" ಅಂದ. ಅವಳು ಅಲ್ಲಿಂದಲೇ ಬಸ್ಸು ಹತ್ತಿದಳು. ಅವ್ವ ಒಳಗೆ ಕೂಡಿಹಾಕಿಸಿಕೊಂಡು ಅಳುತ್ತಿದ್ದಾಳೆ ಎಂದುಕೊಂಡು ಮಂಡ್ಯದವರೆಗೂ ತಾನೂ ಅತ್ತಳು.

ಆಮೇಲೆ ಗಂಡ ತೀರಿಹೋದ. ಮಗಳು ಅಮೃತ ಮಳವಳ್ಳಿಯಲ್ಲಿ ಕೆಲಸ, ಸಂಸಾರ ಎಂದು ನೆಲೆಯಾದಳು. ಅವ್ವನಿಗೆ ಎಂಬತ್ತಾರು ದಾಟಿತು, ಹಾಸಿಗೆ ಹಿಡಿದಿದ್ದಾಳೆ ಎಂದು ಮಂಗಳಮ್ಮ ಸುದ್ದಿ ತಂದಳು. ಅಂದಿನಿಂದ ದೊಡ್ಡತಾಯಮ್ಮನಿಗೆ ಒಂದೇ ಯೋಚನೆ. ಅವ್ವ ಕಣ್ಣು ಮುಚ್ಚುವ ಮುಂಚೆ ಒಂದು ಸಲ ಅವಳ ಹತ್ತಿರ ಕೂರಬೇಕು. ಬೇರೆ ಏನೂ ಬೇಡ.

ಹೀಗಿರುವಾಗ ಹೋದ ಮಾಗಿಯ ಒಂದು ಬೆಳಿಗ್ಗೆ ಅವಳ ಹುಳುಮನೆಯ ಮುಂದೆ ಒಂದು ಬೈಕು ನಿಂತಿತು. ಇಳಿದವನಿಗೆ ಮೂವತ್ತೆಂಟು ಇರಬಹುದು, ತಲೆಯಲ್ಲಿ ಕೂದಲು ಕಡಿಮೆ, ಕೈಯಲ್ಲಿ ಕಿತ್ತಳೆ ಹಣ್ಣಿನ ಕವರು.

"ಅತ್ತೆ, ನಾನು ಯತೀಶ. ದುದ್ದದಿಂದ ಬಂದೆ, ರಾಮಲಿಂಗಯ್ಯನವರ ಮಗ."

ಅವಳು ಮನೆ ಬಿಟ್ಟಾಗ ಇವನು ಎರಡು ವರ್ಷದವನು. ಸೊಂಟದ ಮೇಲೆ ಹೊತ್ತು ತಿರುಗಿದ್ದಳು. ಅದನ್ನು ನೆನೆದು ಕರಗುವ ಜಾತಿಯವಳಲ್ಲ.

"ಚಪ್ಲಿ ಅಲ್ಲೇ ಬುಡು. ಆ ಸುಣ್ಣದ ಪುಡಿ ಮ್ಯಾಲೆ ಕಾಲಿಕ್ಕಿ ಬಾ. ನಿಮ್ಮ ಮನೆ ಕೊಳೆ ನನ್ನ ಉಳಕ್ಕೆ ಅತ್ತಿಸ್ಬ್ಯಾಡ," ಅಂದಳು. "ಸತ್ತೋಳ ತಾವ ಏನ್ಲಾ ಕೆಲ್ಸ?"

ಯತೀಶ ಕಾಲು ಒರೆಸಿಕೊಂಡು ಬಂದು ನಿಂತ. ಕವರನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಬಂದ ವಿಷಯ ಹೇಳಿದ. ವಿಷಯ ಇಷ್ಟೇ. ಅವನಿಗೆ ಮದುವೆಯಾಗಿಲ್ಲ. ನಾಲೆ ಬಯಲಿನ ಗದ್ದೆ ಇದೆ, ಟ್ರ್ಯಾಕ್ಟರಿದೆ, ತಾರಸಿ ಮನೆ ಇದೆ, ಆದರೂ ಹೆಣ್ಣು ಸಿಗುತ್ತಿಲ್ಲ. ಹನ್ನೊಂದು ವರ್ಷದಲ್ಲಿ ಮೂವತ್ತು ಮೂವತ್ತೈದು ಕಡೆ ನೋಡಿದ್ದಾರೆ. ಮದ್ದೂರಿನ ಒಂದು ಸಂಬಂಧ ಕಾರ್ಡು ಹಂಚಿದ ಮೇಲೆ ಮುರಿದುಬಿತ್ತು. ಕೊನೆಗೆ ಅಪ್ಪ ಮಗ ಇಬ್ಬರೂ ಮಂಡ್ಯದ ಶಶಿಧರ್ ಗುರೂಜಿ ಹತ್ತಿರ ಹೋದಾಗ ಕಾರಣ ತಿಳಿಯಿತು.

ಈ ಶಶಿಧರ್ ಗುರೂಜಿಯದು ಮೊಬೈಲ್ ಅಂಗಡಿಯ ಮಹಡಿಯ ಮೇಲೆ ಆಫೀಸು. 'ಕುಲಕರ್ಮ ಪರಿಹಾರ ಕೇಂದ್ರ' ಎಂದು ಬೋರ್ಡು. ಇದಕ್ಕೆ ಮುಂಚೆ ಮನೆಮನೆಗೆ ನೀರಿನ ಫಿಲ್ಟರ್ ಮಾರುತ್ತಿದ್ದವನು. ಆಗ ನೀರಿನಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳಿವೆ ಎಂದು ಹೆದರಿಸುತ್ತಿದ್ದ, ಈಗ ಜಾತಕದಲ್ಲಿ ಕಣ್ಣಿಗೆ ಕಾಣದ ಹಿರಿಯರಿದ್ದಾರೆ ಎಂದು ಹೆದರಿಸುತ್ತಾನೆ. ಕಸುಬು ಬದಲಾಗಿಲ್ಲ. ಲ್ಯಾಪ್‌ಟಾಪಿನಲ್ಲಿ ಯತೀಶನ ಕುಂಡಲಿ ತೆಗೆದು ನೋಡಿ, ಏಳನೇ ಮನೆಯಲ್ಲಿ ಶುಕ್ರನ ಜೊತೆ ರಾಹು, ಒಂಬತ್ತನೇ ಮನೆಯಲ್ಲಿ ಸೂರ್ಯ ಪೀಡಿತ, ಇದು ಸಾಮಾನ್ಯ ಪಿತೃದೋಷವಲ್ಲ, ಸ್ತ್ರೀಶಾಪ ಅಂದನಂತೆ. ನಿಮ್ಮ ವಂಶದಲ್ಲಿ ಒಂದು ಹೆಣ್ಣುಜೀವ ಕಣ್ಣೀರು ಹಾಕಿಕೊಂಡು ಹೊಸ್ತಿಲು ದಾಟಿದೆ, ಆ ಆತ್ಮಕ್ಕೆ ಶಾಂತಿಯಿಲ್ಲ, ಹೆಣ್ಣು ಹೊರಗೆ ಹೋದ ಬಾಗಿಲಲ್ಲಿ ಇನ್ನೊಂದು ಹೆಣ್ಣು ಒಳಗೆ ಬರುವುದಿಲ್ಲ. ಯಾವ ಮನೆಗೆ ಹೇಳಿದರೂ ಹೊಂದುವ ಮಾತು ಇದು. ಹೆಣ್ಣು ಕಣ್ಣೀರು ಹಾಕದ ಮನೆ ಮಂಡ್ಯ ಜಿಲ್ಲೆಯಲ್ಲಿ ಯಾವುದಿದೆ ತೋರಿಸಿ. ಆದರೆ ರಾಮಲಿಂಗಯ್ಯನ ಮುಖ ಸಪ್ಪಗಾಯಿತು. "ನನ್ನ ತಂಗಿ ಇದ್ಲು. ತೀರೋದ್ಲು," ಅಂದ. ಎಲ್ಲಿ, ಹೇಗೆ ಎಂದು ಗುರೂಜಿ ಕೇಳಲೂ ಇಲ್ಲ. ಬೆಳ್ಳಿಯಲ್ಲಿ ಅವಳ ಬಿಂಬ ಮಾಡಿಸಿ ಮುತ್ತತ್ತಿಯ ಹೊಳೆಯಲ್ಲಿ ವಿಸರ್ಜನೆ ಮಾಡಬೇಕೆಂದು ಪಟ್ಟಿ ಬರೆದುಕೊಟ್ಟ.

ಬಿಂಬ ಮಾಡುವ ಅಕ್ಕಸಾಲಿ ಫೋಟೋ ಕೇಳಿದ. ಫೋಟೋ ಮನೆಯಲ್ಲಿರಲಿಲ್ಲ, ಚಿಕ್ಕಣ್ಣ ಎಲ್ಲ ಸುಟ್ಟಿದ್ದ. ಆಗ ಯತೀಶ ಗುರೂಜಿಯ ಮುಂದೆ ಬಾಯಿ ತಪ್ಪಿ, "ಬೇಕಾದ್ರೆ ಪೂರಿಗಾಲಿಗೆ ಓಗಿ ಮೊಬೈಲಲ್ಲಿ ತಗಂಡ್ ಬರ್ಲಾ?" ಅಂದುಬಿಟ್ಟ.

ಇಲ್ಲಿ ಇನ್ನೊಬ್ಬನಾಗಿದ್ದರೆ ನಾಚಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಗುರೂಜಿ ಅಂಥವನಲ್ಲ. ಎರಡು ನಿಮಿಷ ಕಣ್ಣು ಮುಚ್ಚಿ ಕೂತು, "ಇದು ಇನ್ನೂ ಗಂಭೀರ ಸರ್," ಅಂದ. "ಶಾಸ್ತ್ರದ ಪ್ರಕಾರ ಅವರು ಪ್ರೇತ, ವ್ಯವಹಾರದ ಪ್ರಕಾರ ಜೀವಂತ. ಎರಡರ ನಡುವೆ ಸಿಕ್ಕಿಕೊಂಡಿದ್ದಾರೆ. ಅವರಿಗೆ ಪುನರ್ಜನ್ಮ ಸಂಸ್ಕಾರ ಮಾಡಬೇಕು. ಮತ್ತೆ ಹುಟ್ಟಿಸಿ, ಹೊಸ ಹೆಸರಿಟ್ಟು, ಅವರ ಬಾಯಿಂದ ಮೂರು ಸಲ 'ತೃಪ್ತಿಯಾಯಿತು' ಅನ್ನಿಸಿದರೆ ಶಾಪ ವಿಮೋಚನೆ."

ಯತೀಶ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ದೊಡ್ಡತಾಯಮ್ಮ ಎರಡು ಸಾಲು ತಟ್ಟೆಗಳಿಗೆ ಸೊಪ್ಪು ಹಾಕಿ ಮುಗಿಸಿದ್ದಳು.

"ನಂಗೆ ನಿನ್ ಮ್ಯಾಲೆ ಸಾಪ ಆಕಾಕೆ ಟೈಮೆಲ್ಲಿತ್ಲಾ?" ಅಂದಳು. "ಎಣ್ಣು ಸಿಕ್ನಿಲ್ಲ ಅಂದ್ರೆ ರಾಹು ಏನ್ ಮಾಡಾನು? ಎಣ್ಣು ಅಂತ ಗೊತ್ತಾಗ್ತಿದ್ದಂಗೆ ಒಟ್ಟೇಲೇ ಕಳ್ದುಬುಟ್ರಲ್ಲ ನಿಮ್ಮ ಸೀಮೆ ಜನ, ಈಗ ಎಲ್ಲಿಂದ ತರಾದು? ಇರೋ ನಾಕು ಎಣ್ಣುಗಳೂ ಓದ್ಕಂಡು ಕೆಲ್ಸಕ್ಕೆ ಓಯ್ತವೆ, ನಿಮ್ಮನೆ ಸಗಣಿ ಬಾಚಾಕೆ ಯಾಕೆ ಬತ್ತವೆ? ಇದ್ಕೆ ನನ್ ಕಣ್ಣೀರು ಬ್ಯಾರೆ ಬೇಕಾ?"

ಯತೀಶ ಕವರನ್ನು ಇನ್ನೊಂದು ಕೈಗೆ ಬದಲಾಯಿಸಿದ. ಪಾಪದವನು, ಒಳ್ಳೆಯವನೇ. ಒಳ್ಳೆಯತನ ಬಿಟ್ಟರೆ ಅವನಲ್ಲಿ ಬೇರೆ ಏನೂ ಇರಲಿಲ್ಲ. "ಅಜ್ಜಿಗೂ ಉಸಾರಿಲ್ಲ ಅತ್ತೆ," ಅಂದ ಕೊನೆಗೆ, ಸುಮ್ಮನೆ ಮಾತಿಗೆ.

ಸೊಪ್ಪಿನ ಬುಟ್ಟಿ ಹಿಡಿದಿದ್ದ ಅವಳ ಕೈ ನಿಂತಿತು. ಅವನಿಗೆ ಬೆನ್ನು ಹಾಕಿ ಬುಟ್ಟಿಯನ್ನು ಕೆಳಗಿಟ್ಟಳು. ಈ ಮೂರ್ಖರಿಗೆ ತನ್ನಿಂದ ಒಂದು ಕೆಲಸ ಆಗಬೇಕಿದೆ, ಮೂವತ್ತಾರು ವರ್ಷದಲ್ಲಿ ಮೊದಲ ಸಲ. ಬಿಟ್ಟರೆ ಮತ್ತೆ ಸಿಗುವುದಿಲ್ಲ.

"ಮುತ್ತತ್ತಿಗೆ ನಾ ಬರಾಕಿಲ್ಲ," ಅಂದಳು. "ಏನ್ ಮಾಡಾದಿದ್ರೂ ದುದ್ದದ ಮನೇಲೇ ಮಾಡ್ಬೇಕು. ಒಳಗೆ, ಅವ್ವ ಮನ್ಗಿರೋ ತಾವ. ಒಪ್ಪುದ್ರೆ ಏಳು, ಇಲ್ದಿದ್ರೆ ಅಣ್ಣು ಎತ್ಕಂಡ್ ನಡಿ."

ರಾಮಲಿಂಗಯ್ಯ ಮೂರು ದಿನ ಕುಣಿದನಂತೆ. ಅಪ್ಪನಿಗೆ ಕೊಟ್ಟ ಮಾತು, ಮನೆತನದ ಮರ್ಯಾದೆ ಎಂದೆಲ್ಲ ಹಾರಾಡಿದ. ನಾಲ್ಕನೇ ದಿನ ಮಗನ ಬೊಕ್ಕತಲೆ ನೋಡಿ ಒಪ್ಪಿದ. ಗುರೂಜಿ ಪಂಚಾಂಗ ತಿರುವಿ ಬರುವ ಸೋಮವಾರ ಬ್ರಾಹ್ಮೀ ಮುಹೂರ್ತ ಪ್ರಶಸ್ತ ಅಂದ. ದೊಡ್ಡತಾಯಮ್ಮ ಫೋನಿನಲ್ಲೇ, "ಸೋಮಾರ ನನ್ ಉಳ ಅಣ್ಣಾಯ್ತವೆ. ಆಯ್ದು ಚಂದ್ರಿಕೆಗೆ ಬುಡ್ಬೇಕು, ಬರಾಕಾಗಲ್ಲ. ಗೂಡು ಬುಡಿಸಿ ಮಾರ್ಕೆಟ್ಟಿಗೆ ಆಕುದ್ ಮ್ಯಾಲೆ ಬತ್ತೀನಿ, ಬೆಳುಗ್ಗೆ ಅತ್ತು ಗಂಟೆ ಮ್ಯಾಲೆ," ಅಂದಳು. ಸೂರ್ಯ ಚಂದ್ರರು ಒಪ್ಪಿಕೊಂಡರು. ಅದರ ಮುಂದಿನ ವಾರದ ಗುರುವಾರ ಹತ್ತೂವರೆಗೆ ಅದಕ್ಕಿಂತ ಒಳ್ಳೆಯ ಲಗ್ನ ಸಿಕ್ಕಿತು.

ಸುದ್ದಿ ತಿಳಿದು ಅಮೃತ ಮಳವಳ್ಳಿಯಿಂದ ಸಿಡುಕಿಕೊಂಡೇ ಬಂದಳು. "ನಿಂಗೆ ಮಾನ ಮರ್ವಾದೆ ಇಲ್ವೇನವ್ವ? ಅಪ್ಪನ್ನ ಆ ಜನ ನಾಯಿಗಿಂತ ಕಡೆ ಮಾಡಿದ್ರು. ಈಗ ಅವರು ಕರುದ್ರು ಅಂತ ಓಗಿ ತೊಟ್ಲಲ್ಲಿ ಮನ್ಗಿಯಾ?"

"ತೊಟ್ಲಲ್ಲಾದ್ರೂ ಮನ್ಗ್ತೀನಿ, ಗುಂಡೀಲಾದ್ರೂ ಮನ್ಗ್ತೀನಿ. ನಂಗೆ ನಮ್ಮವ್ವನ್ ನೋಡ್ಬೇಕು," ಅಂದಳು ದೊಡ್ಡತಾಯಮ್ಮ. ಮಗಳ ಮುಂದೆ ಅವಳು ಹಾಗೆ ಬೇಡುವ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಗುರುವಾರ ದೊಡ್ಡತಾಯಮ್ಮ ಪೂರಿಗಾಲಿಯಿಂದ ಮಳವಳ್ಳಿ, ಮಳವಳ್ಳಿಯಿಂದ ಮಂಡ್ಯ, ಮಂಡ್ಯದಿಂದ ದುದ್ದ, ಮೂರು ಬಸ್ಸು ಹತ್ತಿ ಇಳಿದು ಬಂದಳು. ಕಾರು ಕಳಿಸುತ್ತೇನೆಂದ ಯತೀಶನಿಗೆ ಬೇಡ ಅಂದಿದ್ದಳು. ಹಳೆಯ ಹೆಂಚಿನ ಮನೆ ಹೋಗಿ ತಾರಸಿ ಬಂದಿತ್ತು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಹೊರಗೆ ಹಾಕಿದವಳನ್ನು ಒಳಗೆ ಕರೆಯುವುದು ಹೋಗಲಿ, ಅವಳ ಗಂಡ ಸತ್ತಾಗ ಒಂದು ಮಾತು ಕೇಳದವರು ಈಗ ತೋರಣ ಕಟ್ಟಿ ನಿಂತಿದ್ದರು. ರಾಮಲಿಂಗಯ್ಯ ಜಗಲಿಯ ಮೇಲೆ ಶಲ್ಯ ಹೊದ್ದು ಕೂತಿದ್ದ. ತಂಗಿ ಮೆಟ್ಟಿಲ ಹತ್ತಿರ ಬಂದಾಗಲೂ ಅವನು ಮಗನ ಕಡೆಗೇ ನೋಡಿ, "ಕಾಲು ತೊಳ್ಕಳಾಕೇಳು," ಅಂದ. ಸತ್ತವಳ ಜೊತೆ ನೇರ ಮಾತಾಡುವ ಹಾಗಿಲ್ಲವಂತೆ, ಇನ್ನೂ ಹುಟ್ಟಿಲ್ಲ.

ಒಳಗೆ ಗುರೂಜಿ ಮಂಡಲ ಬರೆದು ಕೂತಿದ್ದ. ಹುಟ್ಟಿದ ಮಗುವನ್ನು ಮೊರದಲ್ಲಿ ಮಲಗಿಸಬೇಕು. ಎಷ್ಟೇ ದೊಡ್ಡ ಮೊರ ತಂದರೂ ಐವತ್ತೆಂಟು ವರ್ಷದ ಹೆಂಗಸು ಅದರಲ್ಲಿ ಹಿಡಿಸುವುದುಂಟೇ. ಗುರೂಜಿ, ಪಾದ ಇಟ್ಟರೆ ಸಾಕು, ದೇಹ ಪೂರ್ತಿ ಇಟ್ಟಂತೆಯೇ ಅಂದ. ಆಮೇಲೆ ಹಸುವಿನ ಕೆಳಗೆ ನುಸುಳಬೇಕು. ಹಸು ಸೀಮೆತಳಿ, ಹೊಸಬರನ್ನು ಕಂಡರೆ ಒದೆಯುವಂಥದ್ದು. ಅದಕ್ಕೂ ಶಾಸ್ತ್ರದಲ್ಲಿ ದಾರಿಯಿತ್ತು, ಹಸುವಿನ ಬಾಲ ಮುಟ್ಟಿದ ನೀರು ಪ್ರೋಕ್ಷಿಸಿದರು. ನಕ್ಷತ್ರ ಲೆಕ್ಕ ಹಾಕಿ 'ಚೈತನ್ಯಾ' ಎಂದು ಹೆಸರಿಟ್ಟು ಅವಳ ಕಿವಿಯಲ್ಲಿ ಮೂರು ಸಲ ಊದಿದ. ದೊಡ್ಡತಾಯಮ್ಮ ಕಿವಿ ಒರೆಸಿಕೊಂಡಳು. ಜೀವಮಾನವಿಡೀ ಬೈಸಿಕೊಂಡ ಹೆಸರೊಂದು ಇತ್ತು, ಅದನ್ನೂ ಕಿತ್ತುಕೊಂಡು ಶಾಲೆಯ ಹಾಜರಿ ಪುಸ್ತಕದ ಹೆಸರು ಕೊಟ್ಟರು. ಇಷ್ಟೆಲ್ಲಕ್ಕೂ ಅವಳು ತುಟಿ ಬಿಚ್ಚದೆ ಕೂತಿದ್ದಳೆಂದರೆ, ಅವಳ ಕಣ್ಣು ನಡುಮನೆಯ ಪಕ್ಕದ ಕೋಣೆಯ ಬಾಗಿಲ ಮೇಲಿತ್ತು.

"ಈಗ ತಾಯಿಯ ಸ್ಪರ್ಶ ಆಗಬೇಕು," ಅಂದ ಗುರೂಜಿ. "ಒಳಗೆ ಹೋಗಿ ಆಶೀರ್ವಾದ ತೆಗೆದುಕೊಂಡು ಬನ್ನಿ. ಹತ್ತು ನಿಮಿಷ. ಆಮೇಲೆ ಇಲ್ಲಿ ಕೂತು ತೃಪ್ತಿವಚನ ಹೇಳಿದರೆ ಮುಗಿಯಿತು."

ಅವಳು ಎದ್ದು ಹೋಗಿ ಬಾಗಿಲು ಮುಂದೆ ಮಾಡಿದಳು.

ಕೋಣೆಯಲ್ಲಿ ಫಿನಾಯಿಲ್ ವಾಸನೆ. ಮಂಚದ ಮೇಲೆ ಅವ್ವ ಒಂದು ಹಿಡಿಯಷ್ಟಾಗಿ ಮಲಗಿದ್ದಳು. ಕಣ್ಣು ಮಬ್ಬಾಗಿತ್ತು, ಆದರೆ ಬಾಗಿಲ ಸದ್ದಿಗೆ ತಲೆ ತಿರುಗಿಸಿದಳು.

"ದೊಡ್ತಾಯಾ?"

ದೊಡ್ಡತಾಯಮ್ಮ ಮಂಚದ ಅಂಚಿನಲ್ಲಿ ಕೂತು ಆ ಕೈ ಹಿಡಿದುಕೊಂಡಳು. "ಊಂ ಕಣವ್ವ, ನಾನೇ. ಬರ್ಬೇಕು ಅಂತ ಜೀವ ಒಡ್ಕತಿತ್ತು. ಇವರು ಬುಡ್ನಿಲ್ಲ. ಅಪ್ಪನೂ ಬುಡ್ನಿಲ್ಲ, ಅಣ್ಣನೂ ಬುಡ್ನಿಲ್ಲ. ನಿನ್ನ ಎಂಗೆ ಕಟ್ಟಾಕಿದ್ರು ಅಂತ ನಂಗೊತ್ತು."

ಚಿಕ್ಕಬೋರಮ್ಮ ಮಬ್ಬು ಕಣ್ಣನ್ನು ಮಗಳ ದನಿಯ ಕಡೆ ತಿರುಗಿಸಿದಳು.

"ನನ್ನ ಯಾರ್ ಕಟ್ಟಾಕಿದ್ರು?" ಅಂದಳು.

"ಅಪ್ಪ."

"ನಿಮ್ಮಪ್ಪ ನಿನ್ನ ಬರ್ಬ್ಯಾಡ ಅಂದ. ನಂಗೆ ಓಗ್ಬ್ಯಾಡ ಅಂತ ಯಾವತ್ತೂ ಅನ್ನಿಲ್ಲ. ನಾನು ಕೇಳ್ನೂ ಇಲ್ಲ." ಅವ್ವ ಉಸಿರು ಎಳೆದುಕೊಂಡಳು. "ಮದ್ದೂರಿಗೆ ನನ್ ತಂಗಿ ಮನೆಗೆ ಎಷ್ಟೋ ಸತಿ ಓಗಿವ್ನಿ. ಮುತ್ತತ್ತಿಗೆ ಎರಡು ಸತಿ ಓಗಿವ್ನಿ. ಮಳವಳ್ಳಿ ಸ್ಟ್ಯಾಂಡಲ್ಲಿ ಇಳ್ದು ಟೀ ಕುಡ್ದಿವ್ನಿ. ನಿಮ್ಮೂರ ಬಸ್ಸು ಎದುರ್ಗೇ ನಿಂತಿತ್ತು. ಪೂರಿಗಾಲಿ ಪೂರಿಗಾಲಿ ಅಂತ ಆ ಕಂಡಕ್ಟ್ರು ಕೂಗ್ತಿದ್ದ. ನಾ ಬಸ್ಸತ್ನಿಲ್ಲ."

"ಯಾಕವ್ವ?"

"ನೋಡ್ದೋರು ಏನಂದಾರು ಅಂತ. ಮೊದ್ಲು ಅದೇಯ. ಆಮ್ಯಾಕೆ ರೂಢಿ ಆಗೋಯ್ತು. ವರ್ಸವರ್ಸ ನಿನ್ ಎಡೆ ಮಡುಗ್ತಿದ್ದೋಳು ನಾನೇ ಕಣೆ. ಬೇರೆ ಯಾರೂ ಅಲ್ಲ. ಸೀರೆ ಆರ್ಸಿ ತರ್ತಿದ್ದೋಳೂ ನಾನೇ. ಮಡಗೀ ಮಡಗೀ ನೀನು ಸತ್ತೇ ಓಗಿದ್ದೀಯ ಅನ್ನುಸ್ಬುಡ್ತು. ಅಂಗನ್ಕಂಡ್ರೆ ಸಲೀಸಾಯ್ತಿತ್ತು. ಬಸ್ಸತ್ತಾಕಿಂತ ಅದು ಸಲೀಸು."

ಮೂವತ್ತಾರು ವರ್ಷ ದೊಡ್ಡತಾಯಮ್ಮ ಈ ಕೋಣೆಯ ಕಡೆ ಮುಖ ಮಾಡಿ ಅತ್ತಿದ್ದಳು. ಇಡೀ ಜಗತ್ತಿಗೆ ಉಗಿದು, ಒಂದೇ ಒಂದು ಜಾಗವನ್ನು ಉಗಿಯದೆ ಉಳಿಸಿಕೊಂಡಿದ್ದಳು. ಅಲ್ಲೂ ಏನೂ ಇರಲಿಲ್ಲ. ಕಟ್ಟಿಹಾಕಿಸಿಕೊಂಡ ಅವ್ವ ಇರಲಿಲ್ಲ, ಮಳವಳ್ಳಿ ಸ್ಟ್ಯಾಂಡಿನಲ್ಲಿ ಟೀ ಕುಡಿದು ವಾಪಸ್ಸು ಹೋದ ಒಬ್ಬ ಹೆಂಗಸಿದ್ದಳು. ಆ ಹೊತ್ತಿನಲ್ಲಿ ಸ್ಟ್ಯಾಂಡಿನಿಂದ ಹತ್ತು ಮೈಲಿ ಆಚೆ ತಾನು ಸೊಪ್ಪು ಕತ್ತರಿಸುತ್ತಿದ್ದಿರಬೇಕು. ಹಿಡಿದಿದ್ದ ಕೈಯನ್ನು ಅವಳು ಬಿಟ್ಟಳು.

"ಯಾರಾರ ಕೇಳುದ್ರೆ ಕರ್ಮ ಅಂತ ಏಳ್ತಿದ್ದೆ," ಅಂದಳು ಅವ್ವ. "ಕರ್ಮ ಅಲ್ಲ. ನಾನೇ ಬರ್ನಿಲ್ಲ."

ಹೊರಗಿನಿಂದ ಗುರೂಜಿ ಕರೆದ. ಲಗ್ನ ಮೀರುತ್ತಿತ್ತಂತೆ.

ದೊಡ್ಡತಾಯಮ್ಮ ಹೊರಗೆ ಬಂದಾಗ ಅವಳ ಮುಖ ನೋಡಿ ಯತೀಶ ಎದ್ದು ನಿಂತ. ಗುರೂಜಿ ಅಕ್ಷತೆ ಹಿಡಿದು, "ಪೂರ್ವಾಭಿಮುಖವಾಗಿ ಕೂತು ಹೇಳಿ. ಈ ಕುಲದಿಂದ ನನಗೆ ತೃಪ್ತಿಯಾಯಿತು. ಮೂರು ಸಲ," ಅಂದ.

"ಆಗಿಲ್ಲ," ಅಂದಳು.

"ಅಮ್ಮಾ, ಅದು ಸಂಕಲ್ಪದ ಮಾತು. ಮನಸ್ಸಿನಲ್ಲಿ ಏನೇ ಇರಲಿ, ಬಾಯಲ್ಲಿ ಅಂದರೆ ಸಾಕು."

"ಬಾಯಲ್ಲಿ ಅನ್ನಾಕೆ ನಿಮ್ಗೆಲ್ಲ ಅಭ್ಯಾಸ ಅದೆ, ಅನ್ಕಳಿ. ನಾನು ಸತ್ತೆ ಅಂತ ಬಾಯಲ್ಲೇ ಅಂದ್ರಿ, ಮೂವತ್ತಾರು ವರ್ಸ ನಡೀತು. ಈಗ ನಾನು ತೃಪ್ತಿ ಅಂದ್ರೆ ನೀವು ಕೈ ತೊಳ್ಕಂಡು ಊಟಕ್ಕೆ ಕೂತ್ಕತೀರ. ನಾ ಅನ್ನಾಕಿಲ್ಲ."

ಆಗ ರಾಮಲಿಂಗಯ್ಯ ಎದ್ದು ಬಂದ. ಅವನ ಶಲ್ಯ ಜಾರಿ ಬಿದ್ದದ್ದು ಅವನಿಗೆ ಗೊತ್ತಾಗಲಿಲ್ಲ. ಮಗನ ಕಡೆ ನೋಡಲಿಲ್ಲ, ತಂಗಿಯ ಮುಖವನ್ನೇ ನೋಡಿ, "ಅನ್ನೇ, ದೊಡ್ತಾಯಿ. ಒಂದ್ ಮಾತು. ಆ ಐದ ಯತೀಶನ್ ಬಾಳಾದ್ರೂ ನೆಟ್ಟುಗಾಗ್ಲಿ," ಅಂದ.

ಇನ್ನೊಂದು ದಿನವಾಗಿದ್ದರೆ ಅವಳು ಈ ಗಳಿಗೆಯನ್ನು ಚಪ್ಪರಿಸುತ್ತಿದ್ದಳು. ಇವತ್ತು ಅದಕ್ಕೆ ರುಚಿಯೇ ಇರಲಿಲ್ಲ.

"ಯತೀಶಾ, ಎಣ್ಣು ನೋಡಾಕೆ ಓದಾಗ ನಮ್ಮತ್ತೆ ಒಬ್ಳವ್ಳೆ, ಬದುಕವ್ಳೆ, ಬ್ಯಾರೆ ಜಾತಿಯೋನ್ನ ಮದ್ವೆ ಆಗಿದ್ಲು ಅಂತ ಮೊದ್ಲೇ ಏಳು. ಅದ್ಕೂ ಎಣ್ಣು ಬರ್ನಿಲ್ಲ ಅಂದ್ರೆ ಅದು ಎಣ್ಣಿನಿಷ್ಟ, ನನ್ ಸಾಪ ಅಲ್ಲ," ಅಂದಳು. ಆಮೇಲೆ ಅಣ್ಣನ ಕಡೆ ತಿರುಗಿದಳು. "ಅವ್ವನ ಮಂಚದ ತಾವ ಕೂತಿದ್ದೆ. ಉಣ್ಣಿನ ವಾಸ್ನೆ ಬತ್ತಾದೆ. ಬೆನ್ನು ತಿರುಗ್ಸಿ ನೋಡಿ ಎಷ್ಟ್ ದಿನ ಆಯ್ತು? ನೀರ್ ಕಾಯ್ಸಾಕೇಳು. ಅಳೇ ಪಂಚೆ ಕೊಡು."

ಗುರೂಜಿ ಏನೋ ಹೇಳಲು ಹೊರಟು, ಯಾರೂ ತನ್ನ ಕಡೆ ನೋಡದಿರುವುದನ್ನು ಕಂಡು ಮಂಡಲದ ಮೇಲಿನ ತೆಂಗಿನಕಾಯಿಗಳನ್ನು ಚೀಲಕ್ಕೆ ತುಂಬತೊಡಗಿದ. ನೀರು ಕಾಯಿಸಿ ಬಕೆಟ್ಟಿನಲ್ಲಿ ತಂದು ಕೋಣೆಯ ಬಾಗಿಲಲ್ಲಿಟ್ಟವನು ರಾಮಲಿಂಗಯ್ಯನೇ.

ದೊಡ್ಡತಾಯಮ್ಮ ಸೆರಗು ಸಿಕ್ಕಿಸಿಕೊಂಡು ಅವ್ವನನ್ನು ಮಗ್ಗುಲಿಗೆ ಹೊರಳಿಸಿದಳು. ಬೆನ್ನಿನ ಕೆಳಗೆ ಅಂಗೈ ಅಗಲದ ಹುಣ್ಣು. ಹಳೆ ಪಂಚೆ ಅದ್ದಿ ಹಿಂಡಿ, ನೋವಾಗದ ಹಾಗೆ ಸುತ್ತಲೂ ಒರೆಸಿದಳು. ಅವಳ ಕೈ ಮೃದುವಾಗಿಯೇ ಇತ್ತು, ಹುಳ ಮುಟ್ಟಿದ ಕೈ ಅದು. ಮುಖ ಮಾತ್ರ ಕಲ್ಲಾಗಿತ್ತು.

"ನನ್ ಮ್ಯಾಲೆ ಕ್ವಾಪ ಅದಾ?" ಅವ್ವ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಅದೆ."

"ಓಗಾಕಿಲ್ವಾ?"

"ಗೊತ್ತಿಲ್ಲ. ಇವತ್ತಂತೂ ಓಗಾಕಿಲ್ಲ. ಅಲ್ಲಾಡ್ಬ್ಯಾಡ, ಇನ್ನೂ ಒರುಸ್ಬೇಕು."

ಅವ್ವ ಅಲ್ಲಾಡಲಿಲ್ಲ. ದೊಡ್ಡತಾಯಮ್ಮ ಪಂಚೆಯನ್ನು ಮತ್ತೆ ಬಿಸಿನೀರಿಗೆ ಅದ್ದಿದಳು. ಸಾಯಂಕಾಲ ಮಂಡ್ಯದ ಬಸ್ಸು ಹೋಯಿತು. ಅವಳು ಹೋಗಲಿಲ್ಲ.